ಸವದತ್ತಿಯ ಶಿಲೆಗಳೂ ಸೀ ಅರ್ಚಿನ್ ಎಂಬ ಕಡಲಜೀವಿಯೂ

ಸವದತ್ತಿಗೆ ಸಮುದ್ರವು ಇಂದು ದೂರದ ಮಾತು. ಆದರೆ ಎಲ್ಲಮ್ಮನ ಗುಡ್ಡದಲ್ಲಿಯೂ, ಮಲಪ್ರಭೆಯು ಬೆಟ್ಟವನ್ನು ಸೀಳಿ ಹರಿಯುವ ನವಿಲುತೀರ್ಥದಲ್ಲಿಯೂ ಕಾಣುವ ಕ್ವಾರ್ಟ್‌ಜೈಟ್ ಶಿಲೆಯು ಒಂದು ಕಾಲಕ್ಕೆ ಆಳವಿಲ್ಲದ ಕಡಲಿನ ಮರಳಾಗಿದ್ದಿತು. ನೀರಿನ ತೆರೆಗಳು ಆ ಮರಳಿನ ಮೇಲೆ ಮೂಡಿಸಿದ ಗೆರೆಗಳು ಈ ಶಿಲೆಯ ಪದರಗಳಲ್ಲಿ ಇಂದಿಗೂ ಉಳಿದಿವೆ. ರಾಬರ್ಟ್ ಬ್ರೂಸ್ ಫೂಟ್‌ರವರು 1876ರ ತಮ್ಮ ಗ್ರಂಥದಲ್ಲಿ ವಿವರಿಸಿದ ಕಲಾದಗಿ ಶಿಲಾಶ್ರೇಣಿಗೆ ಇದು ಸೇರಿದುದು. ಈ ಶ್ರೇಣಿಯ ಒಂದು ಘಟಕಕ್ಕೆ ಸವದತ್ತಿಯ ಹೆಸರೂ ಇನ್ನೊಂದಕ್ಕೆ ರಾಮದುರ್ಗದ ಹೆಸರೂ ಬಂದಿವೆ.

ಕಡಲಿನ ಈ ಸಂಚಯದಲ್ಲಿ ಶಂಖ, ಚಿಪ್ಪುಗಳಾಗಲಿ ಸೀ ಅರ್ಚಿನ್ನಿನ ಕವಚವಾಗಲಿ ದೊರೆಯುವುದಿಲ್ಲ. ಇದರ ಕೆಳಸ್ತರಗಳು ನೂರು ಕೋಟಿ ವರ್ಷಗಳಿಗಿಂತ ಹಳೆಯವು. ಸೀ ಅರ್ಚಿನ್ನುಗಳಾದರೋ ಸುಮಾರು 45 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡವು. ಪ್ರಾಣಿಗಳ ಬದಲು ಇದೇ ಶ್ರೇಣಿಯ ಡಾಲೊಮೈಟ್ ಹಾಗೂ ಸುಣ್ಣಕಲ್ಲುಗಳಲ್ಲಿ ಪದರಪದರವಾದ ಸ್ಟ್ರೊಮಾಟೊಲೈಟುಗಳಿವೆ. ಇವು ಸೂಕ್ಷ್ಮಜೀವಿಗಳ ಲೋಳೆಹಾಸುಗಳು ಕಟ್ಟಿದ ರಚನೆಗಳು. ಮುಂದಿನ ಯುಗಗಳಲ್ಲಿ ಇವು ವಿರಳವಾದುದೇಕೆ? ಕೆರೆದು ತಿನ್ನುವ ಮತ್ತು ತಳವನ್ನು ಕೊರೆಯುವ ಪ್ರಾಣಿಗಳು ಹುಟ್ಟಿದುದೇ ಒಂದು ಮುಖ್ಯ ಕಾರಣವೆಂದು ಅನೇಕ ವಿಜ್ಞಾನಿಗಳ ಮತ. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯ ನೀರು ಅಂತಹ ಪ್ರಾಣಿಗಳು ಸಹಿಸಲಾರದಷ್ಟು ಉಪ್ಪಾದ ಎಡೆಯಲ್ಲಿ ಸ್ಟ್ರೊಮಾಟೊಲೈಟುಗಳು ಇಂದೂ ಬೆಳೆಯುತ್ತಿರುವುದು ಈ ಮತಕ್ಕೆ ಪೋಷಕವಾಗಿದೆ.

ಕೆರೆದು ತಿನ್ನುವ ಪ್ರಾಣಿಗಳಲ್ಲಿ ಇಂದು ಗಮನಾರ್ಹವಾದುದು ಸೀ ಅರ್ಚಿನ್. ನಕ್ಷತ್ರಮೀನಿನಂತೆ ಇದೂ ಕಂಟಕಚರ್ಮಿಗಳ ವಂಶಕ್ಕೆ ಸೇರಿದೆ. ಸುಣ್ಣದ ಫಲಕಗಳಿಂದಾದ ಇದರ ದುಂಡು ಕವಚದ ಮೇಲೆಲ್ಲ ಚಲಿಸಬಲ್ಲ ಮುಳ್ಳುಗಳಿರುತ್ತವೆ. ಅವುಗಳ ನಡುವಿನಿಂದ ಹೊರಚಾಚುವ ನಳಿಕೆಪಾದಗಳು ದೇಹದೊಳಗಿನ ನೀರಿನ ಒತ್ತಡದಿಂದ ಕೆಲಸಮಾಡುತ್ತವೆ. ಬಾಯಿ ಕೆಳಮುಖವಾಗಿದೆ, ಅದರಲ್ಲಿ ಐದು ಹಲ್ಲುಗಳುಳ್ಳ ದವಡೆಯಿದೆ. ಇದಕ್ಕೆ ‘ಅರಿಸ್ಟಾಟಲನ ಕಂದೀಲು’ ಎಂದು ಹೆಸರು. ಹಲ್ಲುಗಳು ತುದಿಯಲ್ಲಿ ಸವೆದಂತೆ ಬುಡದಲ್ಲಿ ಬೆಳೆಯುತ್ತಿರುವುದರಿಂದ ಬಂಡೆಯ ಮೇಲಣ ಪಾಚಿಯನ್ನು ಎಡೆಬಿಡದೆ ಕೆರೆಯುವುದು ಸಾಧ್ಯವಾಗಿದೆ.

ಈ ಕೆಲಸದ ಬೆಲೆ ಅದು ನಿಂತಾಗ ತಿಳಿಯಿತು. 1983-84ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಉದ್ದಮುಳ್ಳಿನ ಡಯಾಡೆಮಾ ಎಂಬ ಜಾತಿಯ ಬಹುಪಾಲು ಪ್ರಾಣಿಗಳು ರೋಗದಿಂದ ನಾಶವಾದವು. ಅತಿಯಾದ ಮೀನುಗಾರಿಕೆಯಿಂದ ಪಾಚಿ ತಿನ್ನುವ ಮೀನುಗಳು ಮೊದಲೇ ಕಡಿಮೆಯಾಗಿದ್ದ ಜಮೈಕದಲ್ಲಿ, ಚಂಡಮಾರುತಗಳಿಂದಲೂ ಜರ್ಝರಿತವಾಗಿದ್ದ ಹವಳದಿಬ್ಬಗಳನ್ನು ಪಾಚಿಯು ಆವರಿಸಿತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಉತ್ತರ ಪೆಸಿಫಿಕ್ಕಿನಲ್ಲಿ ತುಪ್ಪುಳಿನ ಆಸೆಗಾಗಿ ಕಡಲ ನೀರುನಾಯಿಗಳನ್ನು ಬೇಟೆಯಾಡಿದ ಎಡೆಗಳಲ್ಲಿ, ಅವುಗಳಿಗೆ ಆಹಾರವಾಗಿದ್ದ ಸೀ ಅರ್ಚಿನ್ನುಗಳು ಮಿತಿಮೀರಿ ಹೆಚ್ಚಿ, ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ವನಗಳನ್ನೇ ಬರಿದುಮಾಡಿದವು. ಆದುದರಿಂದ ಈ ಜೀವಿಯನ್ನು ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಎಣಿಸಲಾಗದು. ಅದರ ಸಂಖ್ಯೆಯೂ ಅದನ್ನು ತಿನ್ನುವವರ ಸಂಖ್ಯೆಯೂ ಕೂಡಿ ಫಲವನ್ನು ನಿರ್ಣಯಿಸುತ್ತವೆ.

ನಮ್ಮ ಕರಾವಳಿಯಲ್ಲಿ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವುಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಹವಳದೊಡನೆ ಅದರ ಮೇಲಣ ಪಾಚಿಯನ್ನೂ ಆ ಪಾಚಿಯನ್ನು ಕೆರೆಯುವ ಪ್ರಾಣಿಗಳನ್ನೂ ಎಣಿಸತಕ್ಕುದು. ಅಂತಹ ಪ್ರಾಣಿಗಳಿಲ್ಲದ ಕಡಲು ಹೇಗಿದ್ದಿತೆಂಬುದಕ್ಕೆ ಕಲಾದಗಿ ಶ್ರೇಣಿಯ ಶಿಲೆಗಳು ಸಾಕ್ಷಿಯಾಗಿವೆ.