ಅಪಾಯದ ಬಸಿರು: ಆಸರೆ ಎಲ್ಲಿ?

ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಗೊರಗುಂಟೆಪಾಳ್ಯದಲ್ಲಿ ಬೆಳಗಿನ ಹೊತ್ತು ನಿಂತರೆ, ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗಳತ್ತ ಧಾವಿಸುವ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ಅವರಲ್ಲಿ ಗರ್ಭಿಣಿಯರೂ ಉಂಟು. ತವರು ದೂರದ ಜಿಲ್ಲೆಯಲ್ಲಿ. ಬಾಡಿಗೆಯ ಮನೆಯಲ್ಲಿ ಗಂಡಹೆಂಡಿರಿಬ್ಬರೇ. ಇಂಥ ಮನೆಯವರಿಗೆ ವೈದ್ಯರು ‘ಇದು ಅಪಾಯದ ಬಸಿರು’ ಎಂದಾಗ ಮುಂದಿನ ದಾರಿ ಹೇಳುವ ಹಿರಿಯರು ಬಳಿಯಲ್ಲಿರುವುದಿಲ್ಲ.

ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ, ಹೃದ್ರೋಗ, ಅವಳಿ ಶಿಶುಗಳು, ಹಿಂದಿನ ಸಿಸೇರಿಯನ್ – ಇವುಗಳಲ್ಲಿ ಒಂದಿದ್ದರೂ ವೈದ್ಯರು ಹಾಗೆನ್ನಬಹುದು. ಎದೆಗುಂದಬೇಕಾಗಿಲ್ಲ. ಸಕಾಲದಲ್ಲಿ ಆರೈಕೆ ಪಡೆದವರಲ್ಲಿ ಬಹುಮಂದಿ ಸುಖವಾಗಿಯೇ ಹೆರುತ್ತಾರೆ. 2016ರಿಂದ ಕೇಂದ್ರ ಸರ್ಕಾರದ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ, ನಾಲ್ಕು ತಿಂಗಳು ತುಂಬಿದ ಗರ್ಭಿಣಿಯರಿಗೆ ಉಚಿತ ತಪಾಸಣೆಯ ವ್ಯವಸ್ಥೆಯಿದೆ. ಅಪಾಯವಿದ್ದವರ ಕಾರ್ಡಿನ ಮೇಲೆ ಕೆಂಪು ಚೀಟಿ ಅಂಟಿಸಲಾಗುತ್ತದೆ. ಅದನ್ನು ಯಾರೂ ಕಳಂಕವೆಂದು ಬಚ್ಚಿಡಬಾರದು. ನಡುರಾತ್ರಿ ಅಪರಿಚಿತ ವೈದ್ಯರಿಗೆ ನಮ್ಮ ಪರವಾಗಿ ಮಾತನಾಡುವುದು ತಾಯಿ ಕಾರ್ಡೇ.

ಹೆರಿಗೆಯ ಆಸ್ಪತ್ರೆಯನ್ನು ಆರಿಸುವಾಗ ಕಟ್ಟಡದ ಥಳಕನ್ನು ನೋಡದೆ ವಿಚಾರಿಸಬೇಕು. ರಾತ್ರಿಯೂ ಅರಿವಳಿಕೆ ತಜ್ಞರಿರುತ್ತಾರೆಯೇ? ತಕ್ಷಣ ರಕ್ತ ದೊರೆಯುತ್ತದೆಯೇ? ತಿಂಗಳು ತುಂಬದೆ ಹುಟ್ಟಿದ ಶಿಶುವಿಗೆ ತೀವ್ರ ನಿಗಾ ಘಟಕವಿದೆಯೇ? ಗೊರಗುಂಟೆಪಾಳ್ಯದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯೂ ಮತ್ತಿಕೆರೆ ಬಳಿಯ ರಾಮಯ್ಯ ಆಸ್ಪತ್ರೆಯೂ ಸಮೀಪ. ಕಾರ್ಖಾನೆಯಲ್ಲಿ ಇ.ಎಸ್.ಐ. ಸೌಲಭ್ಯವುಳ್ಳವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಿದೆ. ವಾಣಿವಿಲಾಸ ಆಸ್ಪತ್ರೆಗೆ ತಪಾಸಣೆಗೆ ಹೋಗುವವರು ಮೆಟ್ರೋ ಹಸಿರು ಮಾರ್ಗದಲ್ಲಿ ಕೃಷ್ಣರಾಜ ಮಾರುಕಟ್ಟೆ ನಿಲ್ದಾಣಕ್ಕೆ ನೇರವಾಗಿ ಹೋಗಬಹುದು. ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಸ್ಥಾಪಿಸಿದ ಸಂತ ಮಾರ್ತರ ಆಸ್ಪತ್ರೆಯನ್ನು ನಮ್ಮವರಿಗೆ ಪರಿಚಯಿಸಬೇಕಾಗಿಲ್ಲ. ಕೋರಮಂಗಲದ ಸಂತ ಜಾನರ ಆಸ್ಪತ್ರೆ ಊರಿನ ಇನ್ನೊಂದು ಕೊನೆ.

ಇಲ್ಲಿ ಒಂದು ಮಾತು. ಬಾಣಂತಿಯರ ಬಳಿ ಬಿಳಿಯುಡುಗೆಯ ಭಗಿನಿಯರನ್ನು ಕಂಡು ನಮಗೆ ಅಭ್ಯಾಸವಾಗಿದೆ. ಆದರೆ ಕನ್ಯಾಸ್ತ್ರೀಯರು ಹೆರಿಗೆ ಮಾಡಿಸುವುದಕ್ಕೆ ಧರ್ಮಸಭೆಯಲ್ಲಿ ಬಹುಕಾಲ ನಿರ್ಬಂಧವಿತ್ತು. ಆಸ್ಟ್ರೇಲಿಯದ ವೈದ್ಯೆ ಸಿಸ್ಟರ್ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದಾಗ ವೈದ್ಯವೃತ್ತಿ ನಡೆಸಲು ಪೋಪರ ವಿಶೇಷ ಅಪ್ಪಣೆ ಬೇಕಾಯಿತು. 1936ರಲ್ಲಿ ರೋಮಿನ ಆದೇಶ ಆ ಬಾಗಿಲನ್ನು ತೆರೆಯಿತು. ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು 1943ರಲ್ಲಿ ಕಟ್ಟಿದ ಆ ಭಗಿನಿ 1957ರಲ್ಲಿ ಪ್ರಾಣಬಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ.

ಚಿಕಿತ್ಸೆ ಪಡೆದರೆ ಮಗುವಿಗೆ ಕೇಡಾದೀತೆಂಬ ಅಳುಕಿನಿಂದ ಔಷಧಿಯನ್ನೇ ಬಿಡುವ ಭಕ್ತ ತಾಯಂದಿರಿಗೂ ಒಂದು ಮಾತು ಹೇಳಬೇಕು. ತಾಯಿಯ ಗಂಭೀರ ಕಾಯಿಲೆಗೆ ಅವಶ್ಯವಾದ ಚಿಕಿತ್ಸೆಯನ್ನು, ಅದರಿಂದ ಬಯಸದೆಯೂ ಶಿಶುವಿಗೆ ಹಾನಿಯಾಗುವ ಸಂಭವವಿದ್ದರೂ, ಧರ್ಮಸಭೆಯ ಬೋಧನೆ ನಿಷೇಧಿಸಿಲ್ಲ. ಗರ್ಭವನ್ನು ತೆಗೆಸಿರೆಂದು ಒಬ್ಬ ವೈದ್ಯರು ಸೂಚಿಸಿದಾಗ, ಅಪಾಯದ ಬಸಿರನ್ನು ನಿತ್ಯ ನೋಡುವ ಇನ್ನೊಬ್ಬ ತಜ್ಞರನ್ನು ಕೇಳುವ ಹಕ್ಕು ದಂಪತಿಗಳಿಗಿದೆ, ಆದರೆ ತಡಮಾಡಬಾರದು.

ವಿಶ್ರಾಂತಿಯ ಮಾತೂ ಮುಖ್ಯ. 2017ರಿಂದ ಮೊದಲೆರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆಯಿದೆ. ಬಸಿರಿನಿಂದಲೇ ಕಾಯಿಲೆಯಾದರೆ ವೈದ್ಯರ ಪತ್ರದ ಮೇಲೆ ಮತ್ತೊಂದು ತಿಂಗಳು ವೇತನಸಹಿತ ರಜೆ ಸಲ್ಲುತ್ತದೆ. ಇದನ್ನು ಅರಿಯದೆ ಕೆಲಸವನ್ನೇ ಬಿಡುವವರಿದ್ದಾರೆ.

ಮರಿಯಮ್ಮನವರು ವಯಸ್ಸಾದ ಬಸುರಿ ಎಲಿಜಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ನಿಂತರು. ಧರ್ಮಕೇಂದ್ರದ ಸ್ತ್ರೀಯರು ಸರದಿಯಲ್ಲಿ ಇಂಥ ಒಂಟಿ ಮನೆಗಳಿಗೆ ಹೋಗಿಬರಬಹುದು. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತಸ್ರಾವ, ಮಗುವಿನ ಚಲನೆ ಕಡಮೆಯಾಗುವುದು – ಇವು ಕಂಡೊಡನೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಕೂಡುರಸ್ತೆಯ ವಾಹನದಟ್ಟಣೆ ಎಲ್ಲರಿಗೂ ತಿಳಿದದ್ದೇ. ಏಳನೆಯ ತಿಂಗಳಲ್ಲೇ ಆಸ್ಪತ್ರೆಯ ದಾರಿ ನೋಡಿಕೊಂಡು, ರಕ್ತ ಕೊಡಬಲ್ಲ ಇಬ್ಬರ ಹೆಸರನ್ನು ತಾಯಿ ಕಾರ್ಡಿನೊಳಗೆ ಬರೆದಿಡಿ.