ಆಟಗಾರರೂ ಹೋದರು, ಕೋಚೂ ಹೋದರು. ತಂಡ ಮಾತ್ರ ಗೆಲ್ಲುತ್ತಲೇ ಇದೆ!

ದೊಡ್ಡ ವಿಶ್ವವಿದ್ಯಾಲಯಗಳ ಕಣ್ಣಿಗೆ ಬೀಳದ ಹುಡುಗರನ್ನು ಹುಡುಕುವುದು, ಬೆಳೆಸುವುದು, ಕೊನೆಗೆ ಅದೇ ದೊಡ್ಡವರಿಗೆ ಬಿಟ್ಟುಕೊಡುವುದು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಮೇಲೇರಲು ಹೊರಟ ಸಣ್ಣ ತಂಡವೊಂದು ಆಟಗಾರರನ್ನು ಹೇಗೆ ಸೇರಿಸಿಕೊಳ್ಳುತ್ತದೆ? ಈ ಸಂಚಿಕೆಯ ಅಕ್ಷರ ರೂಪ ಇಲ್ಲಿದೆ.

ಇವತ್ತಿನ ವಿಷಯ ಅಮೆರಿಕದ ಕಾಲೇಜು ಫುಟ್‌ಬಾಲ್. ಫುಟ್‌ಬಾಲ್ ಅಂದ ತಕ್ಷಣ ಮೆಸ್ಸಿ ನೆನಪಾದ್ರೆ ಒಂದ್ನಿಮಿಷ ನಿಲ್ಲಿ. ಇದು ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡ್ಕೊಂಡು ಓಡೋ ಆಟ.

2026ರ ಜನವರಿಯಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಈ ಆಟದ ರಾಷ್ಟ್ರೀಯ ಚಾಂಪಿಯನ್ ಆಯ್ತು. 16 ಪಂದ್ಯ, 16 ಗೆಲುವು. ಆ ತಂಡದಲ್ಲಿ ಎಲೈಜಾ ಸ್ಯಾರಟ್, ಡಿಏಂಜೆಲೊ ಪಾಂಡ್ಸ್, ಮಿಕೈಲ್ ಕಮಾರಾ, ಏಡನ್ ಫಿಶರ್ ಅನ್ನೋ ಪ್ರಮುಖ ಆಟಗಾರರಿದ್ದರು. ಈ ನಾಲ್ವರೂ 2023ರಲ್ಲಿ ಆಡ್ತಾ ಇದ್ದದ್ದು ವರ್ಜೀನಿಯಾದ ಹ್ಯಾರಿಸನ್‌ಬರ್ಗ್ ಅನ್ನೋ ಊರಿನ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯಕ್ಕೆ. ಕೋಚ್ ಕರ್ಟ್ ಸಿಗ್ನೆಟ್ಟಿ ಕೂಡ ಅಲ್ಲಿಂದಲೇ ಹೋದವರು.

ನೆಟ್ಟವರು ಒಬ್ಬರು, ಹಣ್ಣು ತಿಂದವರು ಇನ್ನೊಬ್ಬರು ಅನ್ನಿಸುತ್ತೆ ಅಲ್ವಾ? ಆದರೆ ಜೇಮ್ಸ್ ಮ್ಯಾಡಿಸನ್ ಕಥೆ ಅಷ್ಟಕ್ಕೇ ಮುಗಿಯೋದಿಲ್ಲ.

ಹರಾಜಿಲ್ಲ, ಮನೆ ಬಾಗಿಲಿಗೆ ಹೋಗಬೇಕು

ಮೊದಲು ವ್ಯವಸ್ಥೆ ತಿಳ್ಕೊಳ್ಳೋಣ. ನಮ್ಮ ಐಪಿಎಲ್‌ನಲ್ಲಿ ಹರಾಜು ಇದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಡ್ರಾಫ್ಟ್ ಇದೆ, ಅಂದ್ರೆ ಹಿಂದಿನ ವರ್ಷ ಕೊನೆಗೆ ಬಂದ ತಂಡ ಮೊದಲು ಆಯ್ಕೆ ಮಾಡುತ್ತೆ. ಕಾಲೇಜು ಮಟ್ಟದಲ್ಲಿ ಇವೆರಡೂ ಇಲ್ಲ. ಹೈಸ್ಕೂಲಿನ 17–18 ವರ್ಷದ ಹುಡುಗನೇ ತನ್ನ ಕಾಲೇಜನ್ನು ಆರಿಸ್ತಾನೆ. ಹಾಗಾಗಿ ಕೋಚ್‌ಗಳು ಅವನ ಪಂದ್ಯದ ವಿಡಿಯೊ ನೋಡ್ತಾರೆ, ಶಾಲೆಗೆ ಹೋಗ್ತಾರೆ, ಮನೆಗೆ ಹೋಗಿ ಅಪ್ಪ-ಅಮ್ಮನ ಜೊತೆ ಕೂತು ಮಾತಾಡ್ತಾರೆ, ಕ್ಯಾಂಪಸ್‌ಗೆ ಕರೆಸಿ ತೋರಿಸ್ತಾರೆ. ಇದಕ್ಕೇ ರಿಕ್ರೂಟಿಂಗ್ ಅನ್ನೋದು.

247 ಸ್ಪೋರ್ಟ್ಸ್, ರೈವಲ್ಸ್‌ನಂಥ ಸಂಸ್ಥೆಗಳು ಈ ಹುಡುಗರಿಗೆ ಸ್ಟಾರ್ ಕೊಡ್ತವೆ. ಐದು ಸ್ಟಾರ್ ಅಂದ್ರೆ ದೇಶದ ಅತ್ಯುತ್ತಮರು. ಅವರಲ್ಲಿ ಬಹುತೇಕರು ಅಲಬಾಮಾ, ಜಾರ್ಜಿಯಾ, ಒಹಾಯೊ ಸ್ಟೇಟ್ ಥರದ ಕಡೆ ಹೋಗ್ತಾರೆ. ದೊಡ್ಡ ಸ್ಟೇಡಿಯಂ, ಟಿವಿ ಹಣ, ಎನ್‌ಎಫ್‌ಎಲ್‌ಗೆ ದಾರಿ ಎಲ್ಲಾ ಅಲ್ಲೇ ಇದೆ. ಸುಮಾರು 25 ಸಾವಿರ ಜನ ಕೂರುವ ಸ್ಟೇಡಿಯಂ ಇರೋ ಜೇಮ್ಸ್ ಮ್ಯಾಡಿಸನ್ ಆ ಸಾಲಿನಲ್ಲಿ ನಿಂತು ಗೆಲ್ಲೋಕಾಗಲ್ಲ.

ಇಲ್ಲಿ ಫುಟ್‌ಬಾಲ್ ತಂಡ ಶುರುವಾದದ್ದೇ 1972ರಲ್ಲಿ. ಬಹಳ ವರ್ಷ ಎರಡನೇ ದರ್ಜೆಯಾದ ಎಫ್‌ಸಿಎಸ್‌ನಲ್ಲಿ ಆಡಿ, 2004 ಮತ್ತು 2016ರಲ್ಲಿ ಅಲ್ಲಿ ಚಾಂಪಿಯನ್ ಆಯ್ತು. 2022ರಲ್ಲಿ ಮೇಲಿನ ದರ್ಜೆ ಎಫ್‌ಬಿಎಸ್‌ಗೆ ಏರಿ ಸನ್ ಬೆಲ್ಟ್ ಕಾನ್ಫರೆನ್ಸ್ ಸೇರ್ಕೊಂಡಿತು. ಈ ಏರಿಕೆಯ ಅರ್ಥ ವಿದ್ಯಾರ್ಥಿವೇತನದಲ್ಲಿ ಕಾಣುತ್ತೆ. ಆಗ ಎಫ್‌ಸಿಎಸ್ ತಂಡಕ್ಕೆ 63 ವಿದ್ಯಾರ್ಥಿವೇತನ ಇರ್ತಿತ್ತು. ಅದನ್ನು ಒಡೆದು 85 ಜನರವರೆಗೆ ಹಂಚಬಹುದಿತ್ತು. ಎಫ್‌ಬಿಎಸ್‌ನಲ್ಲಿ 85 ಪೂರ್ಣ ವಿದ್ಯಾರ್ಥಿವೇತನ. ‘ನಿಮ್ಮ ಮಗನ ಅರ್ಧ ಫೀಸು ನಾವು ಕಟ್ತೀವಿ’ ಅನ್ನೋದಕ್ಕೂ ‘ಪೂರ್ತಿ ಕಟ್ತೀವಿ’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ಫೀಸು ಕಟ್ಟಿದ ಯಾವ ಅಪ್ಪ-ಅಮ್ಮನಿಗೂ ಗೊತ್ತು.

ಎತ್ತರ ಅಲ್ಲ, ಆಡಿದ ಆಟ ನೋಡು

2019ರಲ್ಲಿ ಕೋಚ್ ಆಗಿ ಬಂದ ಸಿಗ್ನೆಟ್ಟಿ ಎರಡೂ ತುದಿ ಕಂಡವರು. 2007ರಿಂದ ಅಲಬಾಮಾದಲ್ಲಿ ನಿಕ್ ಸೇಬನ್ ಕೈಕೆಳಗೆ ರಿಕ್ರೂಟಿಂಗ್ ಜವಾಬ್ದಾರಿ ಹೊತ್ತಿದ್ದರು. 2011ರಲ್ಲಿ ಅದನ್ನು ಬಿಟ್ಟು, ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಅನ್ನೋ ಇನ್ನೂ ಕೆಳಗಿನ ದರ್ಜೆಯ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರು. ಹೆಸರಲ್ಲಿ ಇಂಡಿಯಾನಾ ಇದ್ರೂ ಇದು ಬೇರೆಯೇ ಕಾಲೇಜು.

ಅವರ ಸೂತ್ರ ಸರಳ. ಹುಡುಗ ಮುಂದೆ ಏನಾಗಬಹುದು ಅನ್ನೋದಕ್ಕಿಂತ ಇಲ್ಲಿವರೆಗೆ ಮೈದಾನದಲ್ಲಿ ಏನು ಮಾಡಿದ್ದಾನೆ ಅನ್ನೋದು ಮುಖ್ಯ. ದೊಡ್ಡ ಕಾಲೇಜುಗಳು ಎತ್ತರ, ತೂಕ, ಓಟದ ವೇಗ ನೋಡಿ ‘ಇವನನ್ನು ತಿದ್ದಬಹುದು’ ಅಂತ ತಗೊಳ್ತವೆ. ಅಷ್ಟು ಕಾಯೋ ತಾಕತ್ತು ಅವುಗಳಿಗಿದೆ. ಸಣ್ಣ ತಂಡ ಅಂಥ ಜೂಜು ಆಡೋ ಹಾಗಿಲ್ಲ.

ಪಾಂಡ್ಸ್ ಅವರನ್ನೇ ನೋಡಿ. ಎದುರಾಳಿಯ ಪಾಸ್ ತಡೆಯೋ ಕಾರ್ನರ್‌ಬ್ಯಾಕ್ ಅವರು. ಎತ್ತರ ಬರೀ 5 ಅಡಿ 9 ಇಂಚು. ಅಳತೆಪಟ್ಟಿ ಹಿಡಿದವರಿಗೆ ಇದು ಕೊರತೆ, ವಿಡಿಯೊ ನೋಡಿದವರಿಗೆ ಬೇರೆ ಥರ ಕಾಣುತ್ತೆ. ಕಮಾರಾ, ಫಿಶರ್ ಇಬ್ಬರೂ ವರ್ಜೀನಿಯಾದವರೇ, ಅಂದ್ರೆ ಮನೆ ಹತ್ತಿರದ ಹುಡುಗರು. ಸ್ಯಾರಟ್ ಆಡ್ತಿದ್ದದ್ದು ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಅನ್ನೋ ಸಣ್ಣ ಎಫ್‌ಸಿಎಸ್ ಕಾಲೇಜಿಗೆ. 2023ರಲ್ಲಿ ಜೇಮ್ಸ್ ಮ್ಯಾಡಿಸನ್‌ಗೆ ಬಂದು ಒಂದೇ ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ಯಾರ್ಡ್ ಗಳಿಸಿದರು. ಇನ್ನು ಜೋರ್ಡನ್ ಮೆಕ್‌ಕ್ಲೌಡ್. ಸೌತ್ ಫ್ಲೋರಿಡಾ, ಆಮೇಲೆ ಅರಿಜೋನಾದಲ್ಲಿದ್ದ ಕ್ವಾರ್ಟರ್‌ಬ್ಯಾಕ್. ಅವರೂ 2023ರಲ್ಲಿ ಇಲ್ಲಿಗೆ ಬಂದು, ಅದೇ ವರ್ಷ ಸನ್ ಬೆಲ್ಟ್‌ನ ಶ್ರೇಷ್ಠ ಆಟಗಾರ ಅನ್ನಿಸ್ಕೊಂಡರು.

ಗಮನಿಸಿ, ಇಲ್ಲಿ ಮೂರು ಬಾವಿಗಳಿವೆ. ಒಂದು, ಹತ್ತಿರದ ಹೈಸ್ಕೂಲು. ಎರಡು, ಕೆಳಗಿನ ದರ್ಜೆಯಲ್ಲಿ ಚೆನ್ನಾಗಿ ಆಡಿದವರು. ಮೂರು, ದೊಡ್ಡ ಕಾಲೇಜಿನಲ್ಲಿ ಅವಕಾಶ ಕೂಡಿಬರದವರು.

ಒಳಗೆ ಬರೋ ಬಾಗಿಲೇ ಹೊರಗೆ ಹೋಗೋ ಬಾಗಿಲು

ಎರಡನೇ, ಮೂರನೇ ಬಾವಿಯ ನೀರು ಹೆಚ್ಚಾಗಿದ್ದು ಟ್ರಾನ್ಸ್‌ಫರ್ ಪೋರ್ಟಲ್‌ನಿಂದ. ಕಾಲೇಜು ಬದಲಿಸಬೇಕು ಅನ್ನೋ ಆಟಗಾರರ ಹೆಸರು ಸೇರೋ ಪಟ್ಟಿ ಇದು. 2018ರಲ್ಲಿ ಶುರುವಾಯ್ತು. ಮೊದಲೆಲ್ಲಾ ಕಾಲೇಜು ಬದಲಿಸಿದವರು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಗೆ ಆ ನಿಯಮ ಸಡಿಲವಾಯ್ತು. 2024ರಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯ್ತು, ಓದು ಸರಿಯಾಗಿದ್ದರೆ ಸಾಕು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿಕೊಂಡು ಜಾಹೀರಾತಿನಿಂದ ದುಡಿಯೋಕೂ ಅವಕಾಶ ಸಿಕ್ತು.

2023ರಲ್ಲಿ ಜೇಮ್ಸ್ ಮ್ಯಾಡಿಸನ್ ಮೊದಲ ಹತ್ತೂ ಪಂದ್ಯ ಗೆದ್ದಿತು. ಹನ್ನೊಂದನೆಯದನ್ನು ಅಪಲೇಶಿಯನ್ ಸ್ಟೇಟ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಸೋತಿತು. ನವೆಂಬರ್ ಕೊನೆಯಲ್ಲಿ ಸಿಗ್ನೆಟ್ಟಿ ಇಂಡಿಯಾನಾಗೆ ಹೊರಟರು. ಅವರ ಹಿಂದೆ 13 ಆಟಗಾರರು ಹೋದರು. ಮೆಕ್‌ಕ್ಲೌಡ್ ಹೋದದ್ದು ಟೆಕ್ಸಸ್ ಸ್ಟೇಟ್‌ಗೆ, ಅದೂ ಆಗ ಇದೇ ಸನ್ ಬೆಲ್ಟ್‌ನಲ್ಲಿದ್ದ ಎದುರಾಳಿ.

ಇದು ಒಂದು ಸಲದ ಕಥೆಯಲ್ಲ. ಎವೆರೆಟ್ ವಿದರ್ಸ್ ಟೆಕ್ಸಸ್ ಸ್ಟೇಟ್‌ಗೆ ಹೋದರು. 2016ರ ಪ್ರಶಸ್ತಿ ತಂದ ಮೈಕ್ ಹ್ಯೂಸ್ಟನ್ ಈಸ್ಟ್ ಕ್ಯಾರೊಲಿನಾಗೆ ಹೋದರು. ಆಮೇಲೆ ಸಿಗ್ನೆಟ್ಟಿ. ಅವರ ನಂತರ ಬಂದ ಬಾಬ್ ಚೆಸ್ನಿ ಎರಡೇ ವರ್ಷಕ್ಕೆ ಯುಸಿಎಲ್‌ಎಗೆ ಹೊರಟರು. ಸಾಲಾಗಿ ನಾಲ್ಕು ಕೋಚ್‌ಗಳು! ಗೆದ್ದ ತಪ್ಪಿಗೆ ಕಳ್ಕೊಳ್ಳೋದು ಅಂದ್ರೆ ಇದೇ.

ಹಾಗಿದ್ರೂ ತಂಡ ಉಳಿದದ್ದು ಹೇಗೆ?

13 ಜನ ಹೋದ ಮರುವರ್ಷ, 2024ರ ಸೆಪ್ಟೆಂಬರ್‌ನಲ್ಲಿ, ಈ ತಂಡ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯವನ್ನು ಅವರ ಮೈದಾನದಲ್ಲೇ 70–50ರಿಂದ ಸೋಲಿಸಿತು. ಅವತ್ತು ಐದು ಟಚ್‌ಡೌನ್ ಪಾಸ್ ಎಸೆದು, ತಾನೇ ಓಡಿ ಇನ್ನೆರಡು ಗಳಿಸಿದ ಕ್ವಾರ್ಟರ್‌ಬ್ಯಾಕ್ ಅಲೊಂಜಾ ಬಾರ್ನೆಟ್. ಅವರು ಪೋರ್ಟಲ್‌ನಿಂದ ಬಂದವರಲ್ಲ, ಹೈಸ್ಕೂಲಿನಿಂದಲೇ ಇಲ್ಲಿಗೆ ಸೇರಿದವರು. 2023ರಲ್ಲಿ ಮೆಕ್‌ಕ್ಲೌಡ್ ಆಡುವಾಗ ಬೆಂಚಿನಲ್ಲಿದ್ದು ಕಾದವರು.

ಉತ್ತರ ಇಲ್ಲೇ ಇದೆ. ಇವತ್ತಿನ ಪಂದ್ಯ ಗೆಲ್ಲೋಕೆ ಪೋರ್ಟಲ್‌ನ ಆಟಗಾರ ಬೇಕು. ಆದರೆ ಅವನು ಹೋದ ದಿನ ಎದ್ದು ನಿಲ್ಲೋಕೆ ಮನೆಯಲ್ಲೇ ಬೆಳೆದ ಒಬ್ಬ ಹುಡುಗ ಇರಬೇಕು. ಸ್ಟಾರ್ ಹಿಂದೆ ನಿಂತ ಎರಡನೇ, ಮೂರನೇ ಸಾಲಿನವರನ್ನು ಯಾರು ಚೆನ್ನಾಗಿ ಆರಿಸ್ತಾರೋ, ಆ ತಂಡ ಕೋಚ್ ಹೋದರೂ ಕುಸಿಯಲ್ಲ. ಇನ್ನೊಂದು, ಎಲ್ಲರೂ ಹೋಗೋದೇ ಈ ಕಾಲೇಜಿಗೆ ಒಂಥರಾ ಜಾಹೀರಾತೂ ಆಗಬಹುದು: ‘ಇಲ್ಲಿಗೆ ಬಂದವರು ಎಲ್ಲೆಲ್ಲಿಗೆ ಹೋದರು ನೋಡಿ.’ ಸೇಂಟ್ ಫ್ರಾನ್ಸಿಸ್‌ನಲ್ಲಿದ್ದ ಸ್ಯಾರಟ್ ಚಾಂಪಿಯನ್ ಆದ ಮೇಲೆ ಆ ಮಾತಿಗೆ ತೂಕ ಜಾಸ್ತಿ.

2025ರಲ್ಲಿ ಸನ್ ಬೆಲ್ಟ್ ಗೆದ್ದು, 12 ತಂಡಗಳ ರಾಷ್ಟ್ರೀಯ ಪ್ಲೇಆಫ್‌ಗೂ ಹೋದರು. ಮೊದಲ ಸುತ್ತಿನಲ್ಲಿ ಒರೆಗಾನ್ 51–34ರಿಂದ ಸೋಲಿಸಿತು. ಚೆಸ್ನಿ ಜಾಗಕ್ಕೆ ಈಗ, ಫ್ಲೋರಿಡಾ ಕೆಲಸದಿಂದ ತೆಗೆದ ಬಿಲ್ಲಿ ನೇಪಿಯರ್ ಬಂದಿದ್ದಾರೆ. ದೊಡ್ಡವರಲ್ಲಿ ಸಲ್ಲದವರಿಗೆ ಇಲ್ಲಿ ಎರಡನೇ ಅವಕಾಶ, ಕೋಚ್‌ಗೂ ಅಷ್ಟೇ.

ಬೆಲೆ ಕೊಡೋದು ಯಾರು?

2025ರ ಜುಲೈನಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ, ಒಂದು ಕಾಲೇಜಿನ ಎಲ್ಲಾ ಕ್ರೀಡೆ ಸೇರಿ, ಸುಮಾರು 2.05 ಕೋಟಿ ಡಾಲರ್. ಟಿವಿ ಹಣ ಇರೋ ದೊಡ್ಡವರು ಆ ಮಿತಿ ಮುಟ್ಟಬಲ್ಲರು, ಸನ್ ಬೆಲ್ಟ್ ಕಾಲೇಜುಗಳಿಗೆ ಅದು ದೂರದ ಮಾತು. ಜೇಮ್ಸ್ ಮ್ಯಾಡಿಸನ್ ಕ್ರೀಡಾ ವಿಭಾಗದ ಆದಾಯದಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳ ಶುಲ್ಕದಿಂದಲೇ ಬರುತ್ತೆ. ಪಂದ್ಯ ನೋಡದ ವಿದ್ಯಾರ್ಥಿಯೂ ಇದನ್ನು ಕಟ್ತಾನೆ. ಮಕ್ಕಳನ್ನು ಅಮೆರಿಕಕ್ಕೆ ಓದೋಕೆ ಕಳಿಸೋ ನಮ್ಮವರೂ ಫೀಸಿನ ಪಟ್ಟಿಯಲ್ಲಿ ಇಂಥ ಸಾಲು ಇದೆಯಾ ಅಂತ ನೋಡೋದು ಒಳ್ಳೇದು.

ಇನ್ನೊಂದು ಬೆಲೆ ಕಟ್ಟೋನು ಹೈಸ್ಕೂಲ್ ಹುಡುಗ. ಒಂದು ತಂಡದಲ್ಲಿ 105 ಆಟಗಾರರು ಅನ್ನೋ ಮಿತಿ ಈಗಿದೆ. ಪಳಗಿದ 22 ವರ್ಷದವನು ಸಿಗುವಾಗ 17ರ ಹುಡುಗನಿಗೆ ಯಾಕೆ ಕಾಯಬೇಕು ಅಂತ ಕೋಚ್‌ಗಳು ಯೋಚಿಸ್ತಾರೆ. ಎತ್ತರ ಕಡಿಮೆ ಇರೋ, ಸ್ಟಾರ್ ಸಿಗದ ಹುಡುಗನಿಗೆ ಇದ್ದ ಬಾಗಿಲು ಇಂಥ ಸಣ್ಣ ಕಾಲೇಜುಗಳದ್ದೇ. ಅವೂ ಪೋರ್ಟಲ್ ಕಡೆಗೇ ತಿರುಗಿದರೆ, ಮುಂದಿನ ಪಾಂಡ್ಸ್ ಅಥವಾ ಬಾರ್ನೆಟ್‌ನನ್ನು ಬೆಳೆಸೋರು ಯಾರು? ಮೇಲೇರೋಕೆ ಹೊರಟ ಪ್ರತಿ ಸಣ್ಣ ತಂಡವೂ ಉತ್ತರ ಕಂಡ್ಕೋಬೇಕಾದ ಪ್ರಶ್ನೆ ಇದು.