ಸೋಪಿನ ಚೂರು ಮತ್ತೆ ಬಿಲ್ಲೆಯಾಗುವ ಬಗೆ

ಸೋಪು ಕಾರ್ಖಾನೆಯಲ್ಲಿ ಚೂರು ಎಂದರೆ ಕಸವಲ್ಲ. ಅಚ್ಚಿನ ಯಂತ್ರ ಬಿಲ್ಲೆಯನ್ನು ಒತ್ತುವಾಗ ಅಂಚಿನಿಂದ ಒಂದಿಷ್ಟು ಸೋಪು ಹೊರಗೆ ಚಿಮ್ಮುತ್ತದೆ. ಮೂಲೆ ಮುಕ್ಕಾದವು, ಹೆಸರು ಸರಿಯಾಗಿ ಮೂಡದವು ಬೇರೆ ಇರುತ್ತವೆ. ಇವೆಲ್ಲ ಹಿಂದಕ್ಕೆ ಹೋಗಿ, ಅಚ್ಚಿಗೂ ಮೊದಲು ಸೋಪನ್ನು ಹಿಂಡಿದ ಯಂತ್ರದ ಬಾಯಿಗೇ ಮತ್ತೆ ಬಿದ್ದು, ಹೊಸ ಬಿಲ್ಲೆಗಳಾಗಿ ಬರುತ್ತವೆ. ಅದಕ್ಕಾಗಿ ಯಾರೂ ಅವನ್ನು ಒಲೆಯ ಮೇಲಿಟ್ಟು ಕರಗಿಸುವುದಿಲ್ಲ, ಅಂಟು ಬೆರೆಸುವುದಿಲ್ಲ. ಬಚ್ಚಲಲ್ಲಿ ಸವೆದು ಸವೆದು ಬೆರಳ ಸಂದಿಯಿಂದ ಜಾರಿಹೋಗುವ ಚೂರಿಗೂ ಇದೇ ಗುಣವಿದೆ. ಅದನ್ನು ಮನೆಯಲ್ಲಿ ಸರಿಯಾಗಿ ಬಳಸಿಕೊಳ್ಳಬೇಕಾದರೆ ಮೊದಲು ಆ ಯಂತ್ರ ಏನು ಮಾಡುತ್ತದೆಂದು ನೋಡಬೇಕು.

ಅದರ ಹೆಸರು ಪ್ಲಾಡರ್. ಚಕ್ಕುಲಿ ಒರಳನ್ನು ಅಡ್ಡ ಮಲಗಿಸಿ, ಕೈಯಿಂದ ಒತ್ತುವ ಬದಲು ಒಳಗೊಂದು ದಪ್ಪ ಸ್ಕ್ರೂ ತಿರುಗುವಂತೆ ಮಾಡಿದರೆ ಹೇಗಿರುತ್ತದೋ ಹಾಗೆ. ಎಣ್ಣೆ ಮತ್ತು ಕ್ಷಾರ ಸೇರಿ ಆದ ಸೋಪನ್ನು ಮೊದಲು ಒಣಗಿಸಿ, ನೂಡಲ್ಸ್ ಎಂದೇ ಕರೆಯುವ ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಅದಕ್ಕೆ ಬಣ್ಣ, ಸುಗಂಧ ಬೆರೆಸಿ, ಉರುಳೆಗಳ ನಡುವೆ ಹಾಯಿಸಿ ಅರೆಯುತ್ತಾರೆ. ಒಂದು ಉರುಳೆಗಿಂತ ಅದರ ಮುಂದಿನದು ಜೋರಾಗಿ ತಿರುಗುವುದರಿಂದ ಸೋಪು ಬರಿದೆ ಒತ್ತಿಸಿಕೊಳ್ಳುವುದಿಲ್ಲ, ಎಳೆಸಿಕೊಂಡು ತೆಳುವಾಗುತ್ತದೆ. ಆಮೇಲೆ ಪ್ಲಾಡರ್. ಸ್ಕ್ರೂ ಸೋಪನ್ನು ಮುಂದಕ್ಕೆ ದೂಡುತ್ತ ತೂತಿನ ತಟ್ಟೆಯ ಮೂಲಕ ಹಿಂಡುತ್ತದೆ. ನಡುವಿನ ಕೋಣೆಯಲ್ಲಿ ಗಾಳಿಯನ್ನು ಹೀರಿ ತೆಗೆಯುತ್ತಾರೆ. ತುದಿಯ ಶಂಕುವನ್ನು ಮಾತ್ರ ಬಿಸಿಯಾಗಿ ಇಟ್ಟಿರುತ್ತಾರೆ, ಹೊರಮೈಗೆ ಹೊಳಪು ಬರಲೆಂದು. ಹೊರಗೆ ಬರುವುದು ಒಂದೇ ಒಂದು ಉದ್ದನೆಯ ಸೋಪಿನ ದಿಂಡು. ಅದನ್ನು ಕತ್ತರಿಸಿ ಅಚ್ಚೊತ್ತಿದರೆ ಬಿಲ್ಲೆ.

ಈ ಕೆಲಸವೆಲ್ಲ ನಡೆಯುವುದು ಸೋಪು ಕರಗದ, ಮೆದುವಾಗುವಷ್ಟೇ ಬಿಸಿಯಲ್ಲಿ. ಸುಗಂಧದ ಸೋಪಿಗೆ ಇದು ಬಹಳ ಮುಖ್ಯ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ಮರದ ರಫ್ತು ನಿಂತು, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. ಆ ಎಣ್ಣೆ ಮೈಸೂರು ಸ್ಯಾಂಡಲ್ ಸೋಪಿಗೆ ಸೇರಿತು. ಅಷ್ಟು ಬೆಲೆಬಾಳುವ ಎಣ್ಣೆಯನ್ನು ಕುದಿಯುವ ಸೋಪಿಗೆ ಹಾಕಿದರೆ ಪರಿಮಳದ ಒಂದು ಪಾಲು ಆವಿಯೊಂದಿಗೆ ಹೋಗುತ್ತದೆ. ಮನೆಯಲ್ಲಿ ಗಂಧದ ಸೋಪಿನ ಚೂರುಗಳನ್ನು ಒಟ್ಟುಹಾಕಿ ಒಲೆಯ ಮೇಲೆ ಕುದಿಸುವವರು ಕಳೆದುಕೊಳ್ಳುವುದೂ ಅದನ್ನೇ.

ಕರಗಿಸದೆ ಬರೀ ಒತ್ತಿದರೆ ಗಟ್ಟಿ ವಸ್ತುವೊಂದು ಕೂಡಿಕೊಳ್ಳುವುದು ಹೇಗೆ? ಕಲ್ಲು ಹಾಗೆ ಕೂಡುವುದಿಲ್ಲ, ಸಕ್ಕರೆ ಕೂಡುವುದಿಲ್ಲ. ಸೋಪಿನ ಅಣುವಿಗೆ ಕೊಬ್ಬಿನ ಒಂದು ಉದ್ದ ಬಾಲ, ಸೋಡಿಯಂ ಹೊತ್ತ ಒಂದು ತಲೆ. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಹಾಗಾಗಿ ಬಿಲ್ಲೆಯೊಳಗೆ ಅವು ತಲೆಯ ಕಡೆ ತಲೆ, ಬಾಲದ ಕಡೆ ಬಾಲ ಮಾಡಿಕೊಂಡು ಪದರ ಪದರವಾಗಿ ನಿಲ್ಲುತ್ತವೆ. ತಾಳೆ ಎಣ್ಣೆಯಿಂದ ಬಂದ ಪಾಮಿಟೇಟ್, ಸ್ಟಿಯರೇಟ್ ಎಂಬ ಉದ್ದ ಬಾಲದ ಅಣುಗಳು ಗಟ್ಟಿ ಹರಳುಗಳಾಗಿರುತ್ತವೆ. ಓಲಿಯೇಟ್ ಮತ್ತು ತೆಂಗಿನೆಣ್ಣೆಯ ಲಾರೇಟ್ ಬಿಲ್ಲೆಯಲ್ಲಿರುವ ನೀರನ್ನು ಕುಡಿದು, ಆ ಹರಳುಗಳ ನಡುವೆ ಮೆದುವಾದ ಪದರಗಳಾಗಿ ತುಂಬಿಕೊಂಡಿರುತ್ತವೆ. ಒತ್ತಿ ಎಳೆದಾಗ ಈ ಮೆದು ಪದರಗಳು ಒಂದರ ಮೇಲೊಂದು ಜಾರುತ್ತವೆ, ಜಾರಿ ಪಕ್ಕದ ತುಂಡಿನ ಪದರಗಳೊಂದಿಗೆ ಬೆರೆಯುತ್ತವೆ. ಸೋಪಿನ ಬಗ್ಗೆ ತಿಳಿಯಬೇಕಾದದ್ದರಲ್ಲಿ ಅರ್ಧ ಇಲ್ಲೇ ಇದೆ: ಅದು ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ಮೆದುವೂ ಅಲ್ಲ, ಅದನ್ನು ನಿರ್ಧರಿಸುವುದು ಒಳಗಿರುವ ನೀರು.

ಹೊಸ ಬಿಲ್ಲೆಯಲ್ಲಿ ಈ ನೀರು ನೂರಕ್ಕೆ ಹತ್ತರಿಂದ ಹದಿನೈದರಷ್ಟು. ಬಚ್ಚಲಲ್ಲಿ ಆ ಲೆಕ್ಕ ದಿನವೂ ಏರುಪೇರಾಗುತ್ತದೆ. ಸ್ನಾನದ ಹೊತ್ತಿಗೆ ಹೊರಮೈ ನೀರು ಕುಡಿದು ಉಬ್ಬುತ್ತದೆ, ಮಧ್ಯಾಹ್ನಕ್ಕೆ ಒಣಗಿ ಕುಗ್ಗುತ್ತದೆ. ಒಳಭಾಗ ಇದ್ದ ಹಾಗೇ ಇರುತ್ತದೆ. ಈ ಎಳೆದಾಟದಲ್ಲಿ ಬಿರುಕು ಬೀಳುತ್ತದೆ. ಬಿರುಕು ಹೋಗುವ ದಾರಿಯನ್ನು ಒಮ್ಮೆ ಗಮನಿಸಿ: ಅದು ಬಹಳ ಸಲ ಪ್ಲಾಡರಿನ ಸ್ಕ್ರೂ ಸೋಪನ್ನು ತಿರುಚಿ ತಳ್ಳಿದಾಗ ಉಳಿದ ಹರಿವಿನ ಗೆರೆಯನ್ನೇ ಹಿಡಿದಿರುತ್ತದೆ. ಸವೆದ ಬಿಲ್ಲೆ ಕೊನೆಗೆ ಎರಡಾಗಿ ಮುರಿಯುವುದು ಹೆಚ್ಚಾಗಿ ಅಲ್ಲೇ.

ಹಳೆಯ ಚೂರನ್ನು ಹೊಸ ಬಿಲ್ಲೆಗೆ ಅಂಟಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಮರುದಿನವೇ ಅದು ಕಳಚಿ ಬೀಳುವುದೂ ಗೊತ್ತಿರುವ ತೊಂದರೆ. ಕಾರಣ ಈಗ ಊಹಿಸಬಹುದು. ಚೂರು ಒಣಗಿದೆ, ಬಿಲ್ಲೆ ಹಸಿಯಾಗಿದೆ, ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ, ನಡುವಿನ ಬೆಸುಗೆ ಬಿಡುತ್ತದೆ. ಇದಕ್ಕೆ ಪರಿಹಾರ ಸುಲಭ. ಚೂರು ತೀರ ಹಾಳೆಯಾಗುವವರೆಗೆ ಕಾಯದೆ, ಸ್ವಲ್ಪ ದಪ್ಪ ಇರುವಾಗಲೇ ಕೆಲಸ ಮಾಡಬೇಕು. ಹೊಸ ಬಿಲ್ಲೆಯನ್ನೂ ಒಂದೆರಡು ಸ್ನಾನಕ್ಕೆ ಬಳಸಿ, ಅಚ್ಚಿನ ಅಕ್ಷರ ಮಾಸಿ ಮೈ ಮೆದುವಾದ ಮೇಲೆ, ಎರಡೂ ಒದ್ದೆಯಾಗಿರುವಾಗ ಒಂದಕ್ಕೊಂದು ತಿಕ್ಕಿ, ನಡುವೆ ಗಾಳಿ ಉಳಿಯದಂತೆ ಒತ್ತಿ, ರಾತ್ರಿಯಿಡೀ ಮುಟ್ಟದೆ ಬಿಡಬೇಕು. ತಿಕ್ಕುವುದು ಉರುಳೆಯ ಕೆಲಸ, ಒತ್ತುವುದು ಪ್ಲಾಡರಿನ ಕೆಲಸ. ಬರಿದೇ ಮೇಲಿಟ್ಟರೆ ಎರಡೂ ನಡೆಯುವುದಿಲ್ಲ.

ಚೂರುಗಳೇ ಒಂದು ಡಬ್ಬಿಯಷ್ಟು ಸೇರಿದ್ದರೆ ಹೊಸ ಬಿಲ್ಲೆಯನ್ನೇ ಕಟ್ಟಬಹುದು. ಚೆನ್ನಾಗಿ ಒಣಗಿದ ಚೂರುಗಳನ್ನು ಹಳೆಯದೊಂದು ತುರಿಯುವ ಮಣೆಯಲ್ಲಿ ತುರಿಯಿರಿ. ಆ ಮಣೆಯನ್ನು ಮತ್ತೆ ಅಡುಗೆಗೆ ತರಬೇಡಿ. ನೂರು ಗ್ರಾಂ ತುರಿಗೆ ಎರಡು ಮೂರು ಚಮಚದಷ್ಟೇ ಬಿಸಿನೀರು ಚಿಮುಕಿಸಿ, ಮುಚ್ಚಿಟ್ಟು, ಕೆಲವು ಗಂಟೆ ಬಿಡಿ. ನೀರು ಎಲ್ಲ ಎಳೆಗೂ ಸಮವಾಗಿ ಇಳಿಯಬೇಕು. ಆಮೇಲೆ ಕೈಯಿಂದ ಬಲವಾಗಿ ನಾದಿ, ಬಟ್ಟಲಿಗೆ ಒತ್ತಿ ತುಂಬಿ, ಬಿಡಿಸಿ, ನೆರಳಲ್ಲಿ ಒಂದೆರಡು ವಾರ ಒಣಗಿಸಿ. ನೀರು ಜಾಸ್ತಿ ಹಾಕಿ ಕುದಿಸಿ ಅಚ್ಚಿಗೆ ಸುರಿಯುವವರೂ ಇದ್ದಾರೆ. ನನ್ನ ಮತ ನಾದುವುದರ ಕಡೆಗೆ. ಕುದಿಸಿ ಸುರಿದ ಬಿಲ್ಲೆಯಲ್ಲಿ ಹೆಚ್ಚುವರಿ ನೀರೆಲ್ಲ ಆರಬೇಕು, ಆರುವಾಗ ಬಿಲ್ಲೆ ಸೊಟ್ಟಾಗಿ ಬಿರುಕು ಬಿಡುತ್ತದೆ.

ಕುದಿಸಲು ಹೋದವರಿಗೆ ಎದುರಾಗುವ ಒಂದು ವಿಚಿತ್ರವನ್ನು ಹೇಳಲೇಬೇಕು. ಸೋಪಿಗೆ ಸ್ವಲ್ಪ ನೀರು ಸೇರಿಸಿ ಬಿಸಿ ಮಾಡಿದರೆ ಮೆದುವಾಗುತ್ತದೆ. ಇನ್ನಷ್ಟು ಮೆದುವಾಗಲೆಂದು ಮತ್ತಷ್ಟು ನೀರು ಹಾಕಿದರೆ ತಟಕ್ಕನೆ ರಬ್ಬರಿನಂತೆ ಬಿಗಿಯುತ್ತದೆ, ಸೌಟು ತಿರುಗುವುದಿಲ್ಲ. ನೀರು ಹೆಚ್ಚಾದಂತೆ ಪದರಗಳು ಮುರಿದು ಉದ್ದನೆಯ ಕೊಳವೆಗಳಾಗಿ ಸುತ್ತಿಕೊಳ್ಳುತ್ತವೆ, ಆ ಕೊಳವೆಗಳು ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಪದರದಂತೆ ಅವು ಸಲೀಸಾಗಿ ಜಾರುವುದಿಲ್ಲ. ಸೋಪು ಕುದಿಸುವ ಕಾರ್ಖಾನೆಯವರು ಈ ಸ್ಥಿತಿಯನ್ನು ಕಂಡರೆ ಹೆದರುತ್ತಾರೆ, ಪಂಪು ಕೊಳವೆಯೆಲ್ಲ ಕಟ್ಟಿಕೊಳ್ಳುತ್ತದೆ. ಇನ್ನೂ ಬಹಳಷ್ಟು ನೀರು ಸೇರಿದಾಗ ಕೊಳವೆಗಳೂ ಒಡೆದು ಕಣ್ಣಿಗೆ ಕಾಣದ ಪುಟ್ಟ ಗುಂಪುಗಳಾಗುತ್ತವೆ. ಅವೇ ಮೈಸೆಲ್‌ಗಳು, ಎಣ್ಣೆ ಕೊಳೆಯನ್ನು ಒಳಗೆ ತುಂಬಿಕೊಂಡು ನೀರಿನೊಂದಿಗೆ ಹೋಗುವವು. ಈ ಗುಂಪುಗಳಿವೆ ಎಂದು ಮೊದಲು ಹೇಳಿದವರಲ್ಲಿ ಪ್ರಮುಖರು ಜೇಮ್ಸ್ ವಿಲಿಯಂ ಮೆಕ್‌ಬೇನ್. 1913ರ ಹೊತ್ತಿಗೆ ಅವರು ಇದನ್ನು ಮಂಡಿಸಿದಾಗ ಹಿರಿಯರು ಒಪ್ಪಲಿಲ್ಲ. ಸೋಪಿನ ಹಿಂದೆಯೇ ಜೀವಮಾನ ಕಳೆದ ಈ ಕೆನಡಾದ ವಿಜ್ಞಾನಿ ಕೊನೆಗಾಲದಲ್ಲಿ ಭಾರತಕ್ಕೆ ಬಂದು, 1950ರಲ್ಲಿ ಉದ್ಘಾಟನೆಯಾದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು.

ಇನ್ನು ಚೂರುಗಳನ್ನು ನೀರಲ್ಲಿ ಕರಗಿಸಿ ಹ್ಯಾಂಡ್‌ವಾಶ್ ಮಾಡುವ ಮಾತು. ಒಂದು ಪಾಲು ತುರಿಗೆ ಇಪ್ಪತ್ತು ಪಾಲು ಬಿಸಿನೀರು ಹಾಕಿದರೆ ಸೋಪು ಕರಗುತ್ತದೆ, ನಿಜ. ಆರಿದ ಮೇಲೆ ಲೋಳೆಯಾಗಿ, ಕೆಲವೊಮ್ಮೆ ಗಟ್ಟಿ ಜೆಲ್ಲಿಯಾಗಿ ನಿಲ್ಲುತ್ತದೆ. ಬಿಲ್ಲೆಯ ಸೋಪು ಸೋಡಿಯಂ ಸೋಪು. ಅದರ ಸ್ಟಿಯರೇಟ್ ಕರಗಬೇಕಾದರೆ ನೀರು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಇರಬೇಕು. ತಣ್ಣಗಾದಾಗ ಅದು ಸಣ್ಣ ನೂಲಿನಂಥ ಹರಳುಗಳಾಗಿ ಹೆಣೆದುಕೊಂಡು ನೀರನ್ನೆಲ್ಲ ಹಿಡಿದಿಡುತ್ತದೆ. ಅಸಲು ದ್ರವ ಸೋಪನ್ನು ಮಾಡುವುದು ಪೊಟ್ಯಾಸಿಯಂ ಕ್ಷಾರದಿಂದ. ಅದು ತಣ್ಣೀರಲ್ಲೂ ಕರಗಿಯೇ ಇರುತ್ತದೆ. ಹಾಗಾಗಿ ಮನೆಯ ಜೆಲ್ಲಿಯನ್ನು ಪಂಪಿನ ಬಾಟಲಿಗೆ ತುಂಬಿ ಒದ್ದಾಡುವುದಕ್ಕಿಂತ, ಅಗಲ ಬಾಯಿಯ ಡಬ್ಬಿಯಲ್ಲಿಟ್ಟು ಚಮಚದಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ಕೈ ತೊಳೆಯಲು, ಬಚ್ಚಲು ತಿಕ್ಕಲು ಅದು ಚೆನ್ನಾಗಿ ಆಗುತ್ತದೆ. ಇದರಲ್ಲಿ ಕೆಡದಂತೆ ಕಾಯುವ ಪದಾರ್ಥ ಸಾಕಷ್ಟಿಲ್ಲ, ಆದ್ದರಿಂದ ಸ್ವಲ್ಪವೇ ಮಾಡಿ ಬೇಗ ಮುಗಿಸಬೇಕು, ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು.

ಇಲ್ಲಿ ಹಣ ಸೋರುವ ಜಾಗ ಇನ್ನೊಂದಿದೆ, ನೀರು. ಬಯಲುಸೀಮೆಯ ಕೊಳವೆಬಾವಿ ನೀರಿನ ಗಡಸುತನ ನಮಗೆಲ್ಲ ಗೊತ್ತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಿಗೆ. ಒಂದೊಂದು ಕ್ಯಾಲ್ಸಿಯಂ ಅಯಾನು ಎರಡೆರಡು ಸೋಪಿನ ಅಣುಗಳನ್ನು ಹಿಡಿದು, ಕರಗದ ಬಿಳಿ ಜಿಡ್ಡಾಗಿಸುತ್ತದೆ. ಲೆಕ್ಕ ಹಾಕಿದರೆ, 300 ಮಿಲಿಗ್ರಾಂ ಗಡಸುತನದ ಒಂದು ಲೀಟರ್ ನೀರು ನೊರೆ ಬರುವ ಮೊದಲೇ ಸುಮಾರು ಒಂದೂಮುಕ್ಕಾಲು ಗ್ರಾಂ ಸೋಪನ್ನು ನುಂಗುತ್ತದೆ. ಐದು ಗ್ರಾಂ ಚೂರನ್ನು ಜೋಪಾನ ಮಾಡಿ ಅಂಥ ಒಂದು ಲೀಟರ್ ನೀರಲ್ಲಿ ಕರಗಿಸಿದರೆ ಮೂರನೆಯ ಒಂದು ಪಾಲು ಅಲ್ಲೇ ಹೋಯಿತು. ಮಳೆನೀರು ಹಿಡಿದಿಟ್ಟಿದ್ದರೆ ಇದಕ್ಕೆ ಅದೇ ಅತ್ಯುತ್ತಮ. ಇಲ್ಲವಾದರೆ ಕುದಿಸಿ ಆರಿಸಿ ತಿಳಿ ಬಸಿದ ನೀರು: ಗಡಸುತನದ ಒಂದು ಭಾಗ ಪಾತ್ರೆಯ ತಳದಲ್ಲಿ ಬಿಳಿ ಪೊರೆಯಾಗಿ ಉಳಿಯುತ್ತದೆ.

ನಿಂಬೆರಸ, ವಿನೆಗರ್ ಸೇರಿಸಿ ಎಂಬ ಸಲಹೆಯನ್ನು ಮಾತ್ರ ದಯವಿಟ್ಟು ಕೇಳಬೇಡಿ. ಸೋಪು ಉಳಿದಿರುವುದೇ ಕ್ಷಾರದಿಂದ. ಹುಳಿ ಬಿದ್ದೊಡನೆ ಅದು ಮತ್ತೆ ಕೊಬ್ಬಿನ ಆಮ್ಲವಾಗಿ ಒಡೆದು ಬಿಳಿಯಾಗಿ ತೇಲುತ್ತದೆ, ತೊಳೆಯುವ ಗುಣವೇ ಹೋಗುತ್ತದೆ. ಅರಿಶಿನ ಹಾಕಿದರೆ ಸೋಪು ಹಾಳಾಗುವುದಿಲ್ಲ, ಆದರೆ ಕ್ಷಾರದ ಸಂಗದಲ್ಲಿ ಅದು ಹಳದಿ ಬಿಟ್ಟು ಕೆಂಪಿಗೆ ತಿರುಗುತ್ತದೆ. ಉಪ್ಪು ಹೆಚ್ಚಾದರೂ ಕರಗಿದ ಸೋಪು ಬೇರ್ಪಟ್ಟು ಮೇಲೆ ಬರುತ್ತದೆ.

ಎಲ್ಲ ಚೂರೂ ಒಂದೇ ಜಾತಿಯಲ್ಲ. ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿ ನೋಡಿ, ಅದು ಒಟ್ಟು ಕೊಬ್ಬಿನಾಂಶ. ಮೊದಲ ದರ್ಜೆಯ ಸ್ನಾನದ ಸೋಪಿನಲ್ಲಿ ಕನಿಷ್ಠ 76, ಎರಡನೆಯದರಲ್ಲಿ 70, ಮೂರನೆಯದರಲ್ಲಿ 60 ಪ್ರತಿಶತ ಇರಬೇಕು. ‘ಬೇದಿಂಗ್ ಬಾರ್’ ಎಂದು ಬರೆದಿದ್ದರೆ 40 ಇದ್ದರೂ ಸಾಕು. ಅದರ ಉಳಿದ ಭಾಗದಲ್ಲಿ ಬೇರೆ ತೊಳೆಯುವ ರಾಸಾಯನಿಕಗಳು, ಭರ್ತಿಯ ಪುಡಿಗಳು ಇರಬಹುದು. ಸ್ನಾನದ ಸೋಪನ್ನೂ ಬೇದಿಂಗ್ ಬಾರನ್ನೂ ಬೆರೆಸಿ ಕಟ್ಟಿದ ಬಿಲ್ಲೆ ಬೆರೆತ ಕಡೆಯಲ್ಲೇ ಬಿರಿಯುವುದು ಹೆಚ್ಚು. ಬಟ್ಟೆ ಒಗೆಯುವ ಬಾರಿನ ಚೂರನ್ನಂತೂ ಮೈಗೆ ಹಚ್ಚುವುದರಲ್ಲಿ ಸೇರಿಸಲೇಬೇಡಿ, ಅದರ ಕ್ಷಾರ ಚರ್ಮಕ್ಕೆ ತಕ್ಕದ್ದಲ್ಲ.

ಬೇರೆಯವರು ಮುಟ್ಟಿದ ಚೂರಿನಲ್ಲಿ ಕ್ರಿಮಿ ಇರುವುದಿಲ್ಲವೇ ಎಂಬ ಆತಂಕ ಸಹಜ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಿಲ್ಲೆಗಳ ಮೇಲೆ ಬೇಕೆಂದೇ ಬ್ಯಾಕ್ಟೀರಿಯಾ ಹಚ್ಚಿ ಕೈ ತೊಳೆಸಿ ನೋಡಿದರು. ತೊಳೆದ ಕೈಗಳಲ್ಲಿ ಆ ಬ್ಯಾಕ್ಟೀರಿಯಾ ಪತ್ತೆಯಾಗುವ ಮಟ್ಟದಲ್ಲಿ ಸಿಗಲಿಲ್ಲ. ಅಮೆರಿಕದ ಕ್ಲೀನ್ ದಿ ವರ್ಲ್ಡ್ ಸಂಸ್ಥೆ 2009ರಿಂದ ಹೋಟೆಲುಗಳಲ್ಲಿ ಉಳಿದ ಸೋಪನ್ನು ಒಟ್ಟುಗೂಡಿಸಿ, ಶುದ್ಧಮಾಡಿ, ಮತ್ತೆ ಬಿಲ್ಲೆ ಮಾಡಿ ಬಡವರಿಗೆ ಹಂಚುತ್ತ ಬಂದಿದೆ. ಮನೆಯವರದೇ ಚೂರುಗಳಿಗೆ ಅಷ್ಟು ಸಿದ್ಧತೆ ಬೇಕಿಲ್ಲ. ಮೇಲ್ಮೈಯನ್ನು ತೊಳೆದು ಒಣಗಿಸಿದರೆ ಸಾಕು. ಯಾರಿಗಾದರೂ ಚರ್ಮದ ಸೋಂಕು ಇದ್ದರೆ ಅವರ ಸೋಪನ್ನು ಬೇರೆ ಇಡಿ.

ಉಳಿತಾಯ ಎಷ್ಟು? ನೂರು ಗ್ರಾಂ ಬಿಲ್ಲೆಯಲ್ಲಿ ಐದು ಗ್ರಾಂ ಚೂರು ಉಳಿಯುತ್ತದೆ ಎಂದಿಟ್ಟುಕೊಂಡರೆ, ಇಪ್ಪತ್ತು ಬಿಲ್ಲೆಗೆ ಒಂದು ಬಿಲ್ಲೆ ಉಳಿದಂತೆ. ಆರೇಳು ಜನರ ಮನೆಯಲ್ಲಿ ಇದು ಬೇಗ ಆಗುತ್ತದೆ. ಆದರೆ ಬಿಲ್ಲೆಯನ್ನು ನೀರು ನಿಂತ ಪೆಟ್ಟಿಗೆಯಲ್ಲಿ ಬಿಡುವ ಮನೆಗಳಲ್ಲಿ ಪೋಲು ಇದಕ್ಕಿಂತ ಹೆಚ್ಚು. ಅಡಿಯ ಪದರಗಳು ದಿನವಿಡೀ ನೀರು ಕುಡಿದು ಲೋಳೆಯಾಗಿ ಸೋರಿಹೋಗುತ್ತವೆ. ಮೊದಲು ತಳದಲ್ಲಿ ತೂತಿರುವ, ಬಿಲ್ಲೆ ಎತ್ತರದಲ್ಲಿ ನಿಲ್ಲುವ ಪೆಟ್ಟಿಗೆ ತನ್ನಿ, ಅದನ್ನು ನೀರು ಸಿಡಿಯದ ಕಡೆ ಇಡಿ. ಆಮೇಲೆ ಚೂರಿನ ಮಾತು.

ತುರಿದು ನಾದುವಷ್ಟು ಬಿಡುವಿಲ್ಲದವರು ಚೂರುಗಳನ್ನು ಹೀರೇಕಾಯಿ ನಾರಿನ ಒಳಗೋ, ಈರುಳ್ಳಿಯ ಬಲೆಚೀಲದಲ್ಲೋ ಕಟ್ಟಿ ನಲ್ಲಿಗೆ ತೂಗುಹಾಕಬಹುದು. ಬಲೆ ಗಾಳಿಯನ್ನು ಸೇರಿಸುವುದರಿಂದ ಕಡಿಮೆ ಸೋಪಿಗೇ ಹೆಚ್ಚು ನೊರೆ, ಬಳಸಿದ ಮೇಲೆ ಬೇಗ ಒಣಗುತ್ತದೆ ಕೂಡ. ತೆಳ್ಳಗೆ ಸವೆದು ಒಣಗಿದ ಚೂರಿಗೆ ದರ್ಜಿಗಳ ಬಳಿ ಬೇರೆ ಕೆಲಸವಿದೆ: ಕಪ್ಪು ಬಟ್ಟೆಯ ಮೇಲೆ ಕತ್ತರಿಸುವ ಗೆರೆ ಎಳೆಯಲು ಅದು ಸೀಮೆಸುಣ್ಣದಷ್ಟೇ ಚೆನ್ನ, ಒಗೆದರೆ ಗುರುತಿಲ್ಲ. ಮಳೆಗಾಲದಲ್ಲಿ ಉಬ್ಬಿ ಬಿಗಿದ ಮರದ ಡ್ರಾಯರಿನ ಅಂಚಿಗೆ, ಎಳೆಯಲು ಬಾರದ ಜಿಪ್ಪಿಗೆ, ಗಟ್ಟಿ ಮರಕ್ಕೆ ಇಳಿಸುವ ತಿರುಪುಮೊಳೆಗೆ ಒಣ ಚೂರನ್ನು ತಿಕ್ಕಿ ನೋಡಿ. ಅಲ್ಲಿ ಜಾರುವುದೂ ಪ್ಲಾಡರಿನಲ್ಲಿ ಜಾರಿದ ಅವೇ ಪದರಗಳು.